ಕುತ್ತಿಗೆಗೆ ಚಾಕು, ಕೈಯಲ್ಲಿ ಗ್ಯಾಸ್ ಸಿಲಿಂಡರ್

ಚಾಕು ನನ್ನ ಕುತ್ತಿಗೆಯ ಮೇಲಿತ್ತು. ಚಾಕು ಹಿಡಿದವನ ಕಾರಿನ ಟೈರ್ ನನ್ನ ಕಾಲ ಬಳಿ ಚಪ್ಪಟೆಯಾಗಿ ಬಿದ್ದಿತ್ತು.

"ಹತ್ತು ನಿಮಿಷ ಟೈಮು. ಟೈರಿಗೆ ಗಾಳಿ ತುಂಬ್ಲಿಲ್ಲ ಅಂದ್ರೆ ನಿನ್ನ ಗಾಳಿ ತೆಗೀತೀನಿ."

ಸುಮಾತ್ರಾದ ಹೆದ್ದಾರಿಯಲ್ಲಿ ಇಪ್ಪತ್ತು ವರ್ಷ ಪಂಕ್ಚರ್ ಹಾಕಿದವನು ನಾನು, ಪಾರ್ಲಿನ್. ಇಂಥ ಚಾಕುಗಳನ್ನು ನೂರು ಕಂಡಿದ್ದೇನೆ. ಸರಿ, ಎಪ್ಪತ್ತು ಅನ್ನಿ.

ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದವನು ಸಾರ್ವೋ. ಲಾರಿ ಡ್ರೈವರ್, ನನ್ನ ಹಳೇ ಗಿರಾಕಿ. ತನ್ನ ಲಾರಿ ದೋಚಿದವನ ಮುಖವನ್ನು ಅವನು ನೋಡಿಬಿಟ್ಟಿದ್ದ. ಆ ಮುಖ ಈಗ ನನ್ನ ಕಿವಿಯ ಪಕ್ಕದಲ್ಲಿ ಬುಸುಗುಡುತ್ತಿತ್ತು. ಇಲ್ಲಿಂದ ಮುಂದೆ ರಬ್ಬರ್ ತೋಟ. ಒಳಗೆ ಹೋದರೆ ಸಾರ್ವೋ ಹೊರಗೆ ಬರುವುದಿಲ್ಲ.

ಟೈರ್ ತುಂಬಿದರೆ ಅವನು ಸತ್ತ. ತುಂಬದಿದ್ದರೆ ನಾನು ಸತ್ತೆ.

ಟ್ಯೂಬ್‌ಲೆಸ್ ಟೈರ್. ಅಂಚು ರಿಮ್ಮಿನಿಂದ ಬಿಟ್ಟುಕೊಂಡಿತ್ತು. ಪಂಪು ಹೊಡೆದರೆ ಗಾಳಿಯೆಲ್ಲ ಸಂದಿಯಲ್ಲಿ ಸೋರಿಹೋಗುತ್ತದೆ. ಒಂದೇ ಏಟಿಗೆ ನುಗ್ಗುವ ಗಾಳಿ ಬೇಕು. ಮಗಳು ರೊಸಿಂತಾ ಮನೆಯಲ್ಲೇ ತಯಾರಿಸಿದ ಯಂತ್ರವನ್ನು ಎಳೆದೆ: ಹಳೇ ಗ್ಯಾಸ್ ಸಿಲಿಂಡರ್, ಗುಜರಿ ಫ್ರಿಜ್ಜಿನ ಕಂಪ್ರೆಸರ್, ನೀರಿನ ಪೈಪು, ಒಂದು ವಾಲ್ವ್. ಮೊದಲ ಸಲ ಅದನ್ನು ತೆರೆದಾಗ ಪಕ್ಕದ ಜಿಲ್ಲೆಯ ಎಮ್ಮೆಯೊಂದು ಕಿವುಡಾಯಿತು. ಈ ಚಾಕು ಬಂದ ದಿನ ರೊಸಿಂತಾ ಅಂಗಡಿಯಲ್ಲಿರಲಿಲ್ಲ... ಚಾಕುವಿನವನ ಪುಣ್ಯ.

ಕಂಪ್ರೆಸರ್ ಗೊರಗೊರ ಎನ್ನುತ್ತ ಗಾಳಿ ಕೂಡಿಡುತ್ತಿತ್ತು. ಟೈರಿನ ಸುತ್ತ ಹಗ್ಗ ಬಿಗಿದೆ. ಅಂಚಿಗೆ ಸೋಪಿನ ನೀರು ಸುರಿದೆ. ಅಷ್ಟರಲ್ಲಿ ಅವನ ಮಾತಿನ ಧಾಟಿ ನನಗೆ ಸಿಕ್ಕಿತ್ತು. ಬಟಕ್ ಜನಾಂಗದವನು. ನಮ್ಮವನೇ!

ನಮ್ಮವರಿಗೊಂದು ರೋಗವಿದೆ. ಯಾರಾದರೂ ಕುಲ ಕೇಳಿದರೆ, ಕೊಲೆಯನ್ನೂ ಅರ್ಧಕ್ಕೆ ನಿಲ್ಲಿಸಿ ಉತ್ತರ ಕೊಡುತ್ತೇವೆ.

"ನಿಮ್ಮಮ್ಮ ಯಾವ ಕುಲದೋಳು?"

"ಸಿನಾಗ," ಅಂದುಬಿಟ್ಟ.

"ನಾನೂ ಸಿನಾಗ ಕಣೋ. ಸೋದರಮಾವನ ಕುತ್ತಿಗೆಗೆ ಚಾಕು ಇಟ್ಟಿದ್ದೀಯ. ನಿಮ್ಮಮ್ಮನ ಮುಂದೆ ಹೋಗಿ ಹೇಳು ನೋಡೋಣ."

ಚಾಕು ಕೆಳಗಿಳಿಯಿತು. ನಮ್ಮಲ್ಲಿ ತಾಯಿಯ ಕುಲದ ಗಂಡಸರೆಲ್ಲ ಸೋದರಮಾವಂದಿರೇ. ಅಪ್ಪನಿಗೆ ಬೇಕಾದರೆ ಎದುರಾಡಬಹುದು, ಮಾವನಿಗಲ್ಲ.

"ಗೊತ್ತಿರ್ಲಿಲ್ಲ ಮಾವ. ನಾನು ಜೊಂತಾರ್."

"ಕೂತ್ಕೋ ಜೊಂತಾರ್. ಚಾಕು ಆಚೆಗಿಟ್ಟು ಎರಡೂ ಕೈಯಲ್ಲಿ ರಿಮ್ ಹಿಡ್ಕೋ. ಬಗ್ಗಿ ಸಂದಿ ನೋಡ್ತಿರು."

ಅಳಿಯ ಬಗ್ಗಿದ. ನಾನು ಪೈಪನ್ನು ಟೈರಿನಿಂದ ಒಂದು ಗೇಣು ಮೇಲೆತ್ತಿದೆ. ವಾಲ್ವ್ ತಿರುವಿದೆ.

ಢಂ!

ಸೋಪಿನ ನೀರು, ರಸ್ತೆಯ ಧೂಳು, ಇಡೀ ಸಿಲಿಂಡರಿನ ಗಾಳಿ... ಎಲ್ಲ ಅವನ ಕಣ್ಣಿಗೆ! ಆರು ಮಾರು ದೂರ ಹಾರಿ ಬಿದ್ದ. ಸಾರ್ವೋ ಎರಡೇ ಅಡಿ ಅನ್ನುತ್ತಾನೆ. ಮಲಗಿದ್ದವನಿಗೇನು ಕಂಡೀತು? ಅಳಿಯನ ಚಾಕುವಿನಿಂದಲೇ ಸಾರ್ವೋನ ಕಟ್ಟು ಕತ್ತರಿಸಿದೆ. ಟೈರಿನ ಹಗ್ಗದಿಂದ ಅಳಿಯನನ್ನು ಕಟ್ಟಿ ಪೊಲೀಸರಿಗೆ ಒಪ್ಪಿಸಿದೆವು.

ನಿಮಗೊಂದು ಗುಟ್ಟು ಹೇಳುತ್ತೇನೆ. ನಾನು ಸಿನಾಗ ಕುಲದವನಲ್ಲ. ಕುಲ ಬದಲಿಸಿದ್ದಕ್ಕೆ, ಅಪ್ಪ ಬದುಕಿದ್ದರೆ ಚಪ್ಪಲಿ ಕೈಗೆತ್ತಿಕೊಳ್ಳುತ್ತಿದ್ದ.

ಆ ಸುಳ್ಳಿನ ಫಲ ನಿನ್ನೆ ಜೈಲಿನಿಂದ ಕಾಗದವಾಗಿ ಬಂತು. ಮಾವನ ಮೇಲೆ ಜೊಂತಾರ್‌ಗೆ ಸಿಟ್ಟಿಲ್ಲವಂತೆ. ಮಾವನಿಗೊಬ್ಬ ಮಗಳಿರುವುದು ತಿಳಿಯಿತಂತೆ. ಬಿಡುಗಡೆಯಾದ ಕೂಡಲೇ ಸೋದರಳಿಯನ ಹಕ್ಕಿನಿಂದ ಹೆಣ್ಣು ಕೇಳಲು ಬರುತ್ತಾನಂತೆ.

ರೊಸಿಂತಾಳಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಸಿಲಿಂಡರಿಗೆ ಗಾಳಿ ತುಂಬತೊಡಗಿದಳು.