ಬಿಸ್ಕತ್ತಿನ ತಟ್ಟೆಯಲ್ಲಿ ಬಿಳಿ ಕಲ್ಲು

ಊಟದ ಬಿಡುವು ಮುಗಿದು ಕಾಲು ಗಂಟೆ ಆಗಿತ್ತು. ಮಕ್ಕಳ ಬಿಸ್ಕತ್ತನ್ನು ಡಬ್ಬಿಗೆ ತುಂಬುವ ಮೇಜಿನ ಮೇಲೆ, ಒಂಬತ್ತನೇ ತಟ್ಟೆಯಲ್ಲಿ, ಒಂದು ಕಿವಿಯೋಲೆ ಸಿಕ್ಕಿತು. ಅಕ್ಕಿನುಚ್ಚಿನಷ್ಟು ಬಿಳಿ ಕಲ್ಲು, ಅದರ ಹಿಂದೊಂದು ಕಡ್ಡಿ. ಕಡ್ಡಿಗೆ ಹಿಂದಿನಿಂದ ಒತ್ತಿ ಕೂರಿಸುವ ಬಿಲ್ಲೆ ಇರಲಿಲ್ಲ. ಯಾವುದೋ ಮನೆಯ ಕೂಸಿನ ಗಂಟಲಿಗೆ ಅದು ಇಳಿದಿದ್ದರೆ ಏನಾಗುತ್ತಿತ್ತೋ.

ನಾನು ಆ ಕಾರ್ಖಾನೆಯ ಗೇಟಿನಲ್ಲಿ ಮೂವತ್ತೊಂದು ವರ್ಷ ಕೂತವನು. ಗೇಟಿಗೆ ಬೀಗ ಹಾಕಿ ಒಳಗೆ ಬಾ ಎಂದು ನನಗೆ ಹೇಳಿಕಳಿಸಿದರು. ಹೋಗುವ ದಾರಿಯಲ್ಲಿ ಬಟ್ಟೆ ಒಗೆಯುವ ಕೋಣೆಗೆ ಇಣುಕಿದೆ. ಎಲ್ಲರ ಟೋಪಿ ಒಗೆಯುವ ಟೋಪಿ ಅಕ್ಕ ಮಧ್ಯಾಹ್ನದ ಟೋಪಿಗಳ ರಾಶಿಯ ಮುಂದೆ ಕೂತಿದ್ದಳು. ಊಟದ ಹೊತ್ತಿಗೆ ಎಲ್ಲರೂ ಬೆಳಗಿನ ಟೋಪಿಯನ್ನು ಒಗೆಯಲು ಎಸೆದು ಬೇರೆ ಹಾಕಿಕೊಳ್ಳಬೇಕು, ಅದು ಅಲ್ಲಿನ ಪದ್ಧತಿ. ಅವಳು ಒಂದೊಂದನ್ನೂ ಒಳಮಗ್ಗುಲು ಹೊರಗೆ ಮಾಡಿ, ಚಿಮಟದಿಂದ ಕೂದಲು, ಪಿನ್ನು ಕಿತ್ತು ಆಮೇಲೆ ನೀರಿಗೆ ಹಾಕುವಳು. ನಾನು ನೋಡುತ್ತಿದ್ದಂತೆ ಏನನ್ನೋ ಕಿತ್ತು, ಬೆಳಕಿಗೆ ಹಿಡಿದು, ಜೇಬಿಗೆ ಹಾಕಿಕೊಂಡಳು.

"ಬಾ ಅಕ್ಕ, ಒಳಗೆ ಗಲಾಟೆ ಆಗಿದೆ," ಎಂದೆ.

"ಗಲಾಟೆ ಮಾಡ್ತಿರೋದು ಯಾರು?"

"ಇನ್ಯಾರು, ಹಸಿರು ಟೋಪಿ."

"ಹಾಗಾದ್ರೆ ಬಂದೆ," ಎಂದು ಕೈ ಒರೆಸಿಕೊಂಡಳು.

ತುಂಬುವ ಕೋಣೆಯಲ್ಲಿ ಹನ್ನೆರಡು ಹೆಂಗಸರಿಗೂ ಬಿಳಿ ಟೋಪಿ. ಹಸಿರು ಟೋಪಿ ಸೂಪರ್‌ವೈಸರ್ ಒಬ್ಬನಿಗೇ. ಐವತ್ತೆರಡು ದಾಟಿದ, ಮೂರು ತಿಂಗಳಿಂದ ತಲೆಗೆ ಕರಿ ಬಣ್ಣ ಬಳಿಯುತ್ತಿದ್ದ ಮನುಷ್ಯ. ಕಿವಿ, ಮೂಗು, ಕೈ ಎಲ್ಲ ಬರಿದಾಗಿರಬೇಕು ಎಂಬ ನಿಯಮದ ಹಲಗೆಯ ಕೆಳಗೆ ದಿನಾ ಬೆಳಿಗ್ಗೆ ನಿಂತು, ಆ ಹನ್ನೆರಡು ಜನರ ಕಿವಿಯನ್ನು ಸಂತೆಯಲ್ಲಿ ದನದ ಹಲ್ಲು ನೋಡುವಂತೆ ನೋಡುತ್ತಿದ್ದ. ತನ್ನ ಟೋಪಿಯನ್ನು ಮಾತ್ರ ಹುಬ್ಬಿನ ತನಕ, ಕಿವಿ ಮುಚ್ಚುವ ತನಕ ಎಳೆದುಕೊಂಡಿರುತ್ತಿದ್ದ. ಅದನ್ನೇ ಶಿಸ್ತು ಎಂದು ಮ್ಯಾನೇಜರು ಹೊಗಳುತ್ತಿದ್ದರು.

ನಾವು ಹೋದಾಗ ಅವನು ಗುಬ್ಬಿಯ ಟೋಪಿ ಕಿತ್ತು ನೆಲಕ್ಕೆ ಎಸೆದಿದ್ದ. ಗುಬ್ಬಿ ಎಂದರೆ ಅಲ್ಲಿನ ಅತಿ ಸಣ್ಣ ಹುಡುಗಿ, ಸೇರಿ ಐದು ತಿಂಗಳಾಗಿತ್ತು. ಅವಳ ಎರಡೂ ಕಿವಿಯ ಮೇಲ್ತುದಿಗೆ ನೀಲಿ ಪಟ್ಟಿ ಅಂಟಿತ್ತು. ಗಾಯಕ್ಕೆ ಅಂಟಿಸುವ ಪಟ್ಟಿ ಅಲ್ಲಿ ನೀಲಿಯೇ ಇರಬೇಕು, ಹಿಟ್ಟಿಗೆ ಬಿದ್ದರೆ ಕಣ್ಣಿಗೆ ಕಾಣಲಿ ಎಂದು.

"ಗುಳ್ಳೆ ಅಂದಳು, ನಂಬಿ ನಾನೇ ದಿನಾ ಪಟ್ಟಿ ಕೊಟ್ಟೆ ಸಾರ್!" ಎಂದು ಅವನು ಮ್ಯಾನೇಜರಿಗೆ ಕೂಗಿ ಹೇಳುತ್ತಿದ್ದ. "ನೋಡಿ ಈಗ!"

ಎಡಗಡೆಯ ಪಟ್ಟಿ ಕಿತ್ತ. ಹೊಸದಾಗಿ ಚುಚ್ಚಿದ ತೂತಿನಲ್ಲಿ ಬಿಳಿ ಕಲ್ಲಿನ ಓಲೆ. ಬಲಗಡೆಯದನ್ನು ಕೀಳಲು ಹೋದಾಗ ಟೋಪಿ ಅಕ್ಕ, "ತಡೀರಿ, ಅದನ್ನ ನಾನು ತೆಗೀತೀನಿ," ಎಂದು ಮುಂದೆ ಬಂದಳು. ಪಟ್ಟಿಯ ಅಂಚಿಗೆ ಬೆಳಗಿನಿಂದ ಕೂತ ಹಿಟ್ಟು ಬೆವರಿಗೆ ಗಟ್ಟಿಯಾಗಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಒಳಗೆ ಓಲೆ ಇರಲಿಲ್ಲ. ತೂತಿನ ಮೇಲೆ ಒಣಗಿದ ಹಕ್ಕಳೆ ಇತ್ತು.

"ಕಂಡಿತಲ್ಲ! ಒಂದು ಕಿವೀಲಿ ಇದೆ, ಇನ್ನೊಂದು ತಟ್ಟೇಲಿ!" ಎಂದ ಸೂಪರ್‌ವೈಸರ್.

"ಭಾನುವಾರ ಬಾತುಕೊಂಡಿತ್ತು, ಮನೇಲೇ ತೆಗೆದಿಟ್ಟೆ ಅಕ್ಕ," ಎಂದು ಗುಬ್ಬಿ ಅತ್ತಳು. "ಇನ್ನೊಂದನ್ನೂ ತೆಗೆದ್ರೆ ತೂತು ಮುಚ್ಚಿಹೋಗತ್ತೆ, ಆರು ವಾರ ತೆಗೀಬೇಡ ಅಂತ ಚುಚ್ಚಿದೋರು ಅಂದಿದ್ರು."

ಅದೇ ಮೇಜಿನಲ್ಲಿದ್ದ ಅವಳ ಚಿಕ್ಕಮ್ಮ, ಅವಳನ್ನು ಕೆಲಸಕ್ಕೆ ಸೇರಿಸಿದವಳು, ಎರಡು ಹೆಜ್ಜೆ ಹಿಂದೆ ಸರಿದು, "ನನಗೇನೂ ಗೊತ್ತಿಲ್ಲ ಸಾರ್, ಇವಳು ನಮ್ಮನೇಲಿ ಇರೋದೂ ಇಲ್ಲ," ಎಂದಳು. ಆ ಹುಡುಗಿ ಬೆಳಿಗ್ಗೆ ಅವಳ ಜೊತೆಗೇ, ಅವಳ ಬುತ್ತಿಯನ್ನೂ ಹೊತ್ತುಕೊಂಡು, ನನ್ನ ಗೇಟು ದಾಟಿ ಬಂದಿದ್ದಳು.

ಮ್ಯಾನೇಜರು ಆಗಲೇ ಕಾಗದ ಬರೆಸಿದ್ದರು. ಮಕ್ಕಳ ತಿನಿಸಿನಲ್ಲಿ ಒಡವೆ ಬೀಳಿಸಿ ಸುಳ್ಳು ಹೇಳಿದ್ದಕ್ಕೆ ಕೆಲಸದಿಂದ ತೆಗೆದಿದೆ ಎಂದಿತ್ತು. ಆ ಒಂದು ಸಾಲು ಬೆನ್ನಿಗೆ ಬಿದ್ದರೆ ಯಾವ ಕಾರ್ಖಾನೆಯೂ ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಸಹಿ ಒಂದು ಬಾಕಿ ಇತ್ತು.

ಟೋಪಿ ಅಕ್ಕ ತಟ್ಟೆಯ ಓಲೆಯನ್ನು ಚಿಮಟದಲ್ಲಿ ಎತ್ತಿ ನನಗೆ ತೋರಿಸಿದಳು. ಕಡ್ಡಿ ಅಂಟಂಟಾಗಿ, ಹಸಿಯಾಗಿ ಇತ್ತು.

"ಅಣ್ಣ, ಗೇಟಲ್ಲಿ ಕೂತು ಎಲ್ಲರನ್ನೂ ನೋಡ್ತೀಯ. ಸೂಪರ್‌ವೈಸರ್ ಸಾಹೇಬರು ಫೋನು ಯಾವ ಕಿವಿಗೆ ಹಿಡೀತಾರೆ?"

"ಎಡಗಿವಿಗೆ, ಬಂದ ದಿನದಿಂದಲೂ," ಎಂದೆ. "ಈ ಎಂಟು ಹತ್ತು ದಿನದಿಂದ ಮಾತ್ರ ಬಲಕ್ಕೆ ಹಿಡೀತಾರೆ. ಎಡಗೈಯಲ್ಲೇ ಹಿಡಿದು ಗದ್ದದ ಮುಂದಿಂದ ಬಲಕ್ಕೆ ತರ್ತಾರೆ. ನೋಡಿ ನಗು ಬಂದಿತ್ತು."

"ಇದೇನು ತನಿಖೆಯೋ ತಮಾಷೆಯೋ?" ಎಂದು ಅವನು ಗದರಿದ. ಗದರುತ್ತಲೇ ಟೋಪಿಯ ಎಡ ಅಂಚಿಗೆ ಬೆರಳು ತೂರಿಸಿ ಕೆರೆದುಕೊಂಡ.

ಟೋಪಿ ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಕೊಳೆ ಬಿಡದ ಬಟ್ಟೆಯನ್ನು ಅವಳು ಹಾಗೇ ನೋಡುತ್ತಿದ್ದಳು.

"ಎಲ್ಲರೂ ಇದ್ದೀರಿ, ಕೇಳಿ. ಗುಬ್ಬಿ ಕಿವಿ ಪಟ್ಟಿ ಬೆಳಿಗ್ಗೆ ಅಂಟಿಸಿದ್ದು. ಅಂಚಿನ ಹಿಟ್ಟು ಒಡೆದೇ ಇರಲಿಲ್ಲ. ಪಟ್ಟಿ ಬಿಡಿಸದೆ ಓಲೆ ಹೊರಗೆ ಹೇಗೆ ಬರತ್ತೆ? ಅವಳ ತೂತು ಒಣಗಿ ಹಕ್ಕಳೆ ಕಟ್ಟಿದೆ, ಎರಡು ದಿನದ್ದು. ತಟ್ಟೇಲಿ ಸಿಕ್ಕಿದ ಕಡ್ಡಿ ಇನ್ನೂ ಹಸಿ. ಈಗಷ್ಟೇ ಯಾವುದೋ ಹಸಿ ಗಾಯದಿಂದ ಜಾರಿದ್ದು."

"ಹಾಗಾದ್ರೆ ಯಾರದು?" ಎಂದರು ಮ್ಯಾನೇಜರು.

"ಹನ್ನೆರಡು ಜನ ನಿಂತಿದ್ದಾರೆ. ಸಾಹೇಬರು ಹನ್ನೊಂದು ಜನರ ಕಿವಿ ನೋಡಲಿಲ್ಲ, ನೆಟ್ಟಗೆ ಇವಳ ಹತ್ರ ಬಂದರು. ಪಟ್ಟಿ ಕೆಳಗೆ ಗುಳ್ಳೆ ಅಲ್ಲ, ತೂತು ಇರೋದು ಅವರಿಗೆ ಮೊದಲೇ ಗೊತ್ತಿತ್ತು. ಕಿವಿ ಚುಚ್ಚಿಸಿಕೊಂಡವರಿಗೆ ಇನ್ನೊಬ್ಬರ ಚುಚ್ಚಿದ ಕಿವಿ ಬೇಗ ಕಾಣತ್ತೆ." ಅವಳು ಜೇಬಿನಿಂದ ಮಡಚಿದ ಕಾಗದ ತೆಗೆದು ಬಿಚ್ಚಿದಳು. ಒಳಗೆ ಒಂದು ಪುಟ್ಟ ಬಿಲ್ಲೆ. "ಇದು ಮಧ್ಯಾಹ್ನ ಒಗೆಯೋಕೆ ಬಂದ ಒಂದು ಟೋಪಿಯ ಎಡಗಡೆ ಹೊಲಿಗೇಲಿ ಸಿಕ್ಕಿಕೊಂಡಿತ್ತು. ಊಟದ ಹೊತ್ತಲ್ಲಿ ಟೋಪಿ ಕಿತ್ತು ಎಸೆದಾಗ ಬಿಲ್ಲೆ ಅದರ ಜೊತೆಗೇ ಬಂತು. ಓಲೆ ಮಾತ್ರ ಕಿವೀಲೇ ಉಳೀತು. ಆಮೇಲೆ ತಟ್ಟೆ ಮೇಲೆ ಬಗ್ಗಿ, ಟೋಪಿ ಎತ್ತಿ ಕೆರೆದುಕೊಂಡ್ರೆ ಬೀಳದೆ ಇರತ್ತಾ? ಎಂಟು ದಿನದಿಂದ ಅದೇ ಜಾಗದಲ್ಲಿ ಕಡಲೆಬೇಳೆಯಷ್ಟು ಹಳದಿ ಕಲೆ ಒಗೀತಾ ಇದ್ದೀನಿ. ಟೋಪಿಯ ಬಣ್ಣ ಹಸಿರು."

ಬಿಲ್ಲೆಯನ್ನು ಓಲೆಯ ಕಡ್ಡಿಗೆ ಒತ್ತಿದಳು. ಟಿಕ್ ಎಂದು ಕೂತಿತು.

ಆಗಲೂ ಆ ಮನುಷ್ಯ ಒಪ್ಪಲಿಲ್ಲ. "ಬಟ್ಟೆ ಒಗೆಯೋಳ ಮಾತಿಗೆ ನಾನು ಟೋಪಿ ತೆಗೀಬೇಕಾ?" ಎಂದ. ಮ್ಯಾನೇಜರು ಅವನನ್ನೇ ನೋಡುತ್ತಿದ್ದರು. ಕೊನೆಗೆ ತೆಗೆದ. ಬಣ್ಣ ಬಳಿದ ಕೂದಲ ಕೆಳಗೆ ಎಡಗಿವಿ ಟೊಮೆಟೊ ಹಣ್ಣಿನಂತೆ ಊದಿಕೊಂಡಿತ್ತು, ಮಧ್ಯೆ ಒಂದು ತೂತು ಜಿನುಗುತ್ತಿತ್ತು. ಒಬ್ಬ ಹೆಂಗಸು ಕಿಸಕ್ಕೆಂದಳು. ಉಳಿದವರು ನಗಲೂ ಇಲ್ಲ. ನಗುವುದಕ್ಕೂ ಅವನು ಲಾಯಕ್ಕಿರಲಿಲ್ಲ.

"ಪಟ್ಟಿ ಹಾಕ್ಕೊಂಡಿದ್ರೆ ಬೀಳ್ತಿರಲಿಲ್ಲ," ಎಂದಳು ಟೋಪಿ ಅಕ್ಕ. "ಪಟ್ಟಿ ತಗೊಂಡ್ರೆ ಪುಸ್ತಕದಲ್ಲಿ ಹೆಸರು ಬರೀಬೇಕು. ಮರ್ಯಾದೆ ನೋಡಿ, ಮರ್ಯಾದೆ. ಕೂಸಿನ ಗಂಟಲಿಗಿಂತ ಅದು ದೊಡ್ಡದು."

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. "ಆಯ್ತು, ದೊಡ್ಡದು ಮಾಡೋದು ಬೇಡ. ಇವರನ್ನ ಬೇರೆ ಕಡೆ ಹಾಕೋಣ. ಹುಡುಗೀನೂ ನಿಯಮ ಮುರಿದಿದ್ದಾಳೆ, ಅವಳು ಹೋಗಲಿ."

ಮೂವತ್ತೊಂದು ವರ್ಷದಲ್ಲಿ ಏಳು ಮ್ಯಾನೇಜರುಗಳಿಗೆ ಗೇಟು ತೆಗೆದಿದ್ದೇನೆ. ಇಷ್ಟು ತೆಳ್ಳಗಿನ ಬೆನ್ನುಮೂಳೆ ಇನ್ನೊಬ್ಬರಿಗೆ ಇರಲಿಲ್ಲ.

"ಒಡವೆ ಹಾಕ್ಕೊಂಡು ಬಂದರೆ ಮೂರು ದಿನ ಸಂಬಳ ಇಲ್ಲ ಅಂತ ಹಲಗೆ ಮೇಲಿದೆ," ಎಂದೆ ನಾನು. ಅಕ್ಷರ ಕೂಡಿಸಿ ಕೂಡಿಸಿ ಎಷ್ಟೋ ಸಲ ಓದಿದ್ದೆ. "ಕೆಲಸದಿಂದ ತೆಗೆಯೋದು, ತಿನಿಸಲ್ಲಿ ಬೀಳಿಸಿ ಸುಳ್ಳು ಹೇಳಿದವರನ್ನ."

"ಕಾಗದ ಬರೆದಾಗಿದೆಯಲ್ಲ ಸಾರ್," ಎಂದಳು ಟೋಪಿ ಅಕ್ಕ. "ಒಂದಕ್ಷರ ಹೆಚ್ಚು ಕಡಿಮೆ ಮಾಡಬೇಡಿ. ಹೆಸರು ಮಾತ್ರ ಬದಲಾಯಿಸಿ. ಇಲ್ಲಾಂದ್ರೆ ಯಂತ್ರ ಶುರುಮಾಡೋಕೆ ನೀವೇ ಬಂದು ನಿಲ್ಲಿ."

ಹನ್ನೊಂದು ಹೆಂಗಸರು ಕೈ ಕಟ್ಟಿಕೊಂಡರು. ಕೊನೆಯವಳು ಚಿಕ್ಕಮ್ಮ, ಅವಳು ಅಕ್ಕಪಕ್ಕ ನೋಡಿ ಕಟ್ಟಿಕೊಂಡಳು. ಮ್ಯಾನೇಜರು ಹೆಸರು ಹೊಡೆದುಹಾಕಿ ಬೇರೆ ಹೆಸರು ಬರೆದು ಸಹಿ ಹಾಕಿದರು.

ಎಲ್ಲ ಮುಗಿದ ಮೇಲೆ ಗುಬ್ಬಿ ಒಗೆಯುವ ಕೋಣೆಯ ಬಾಗಿಲಿಗೆ ಬಂದು ಟೋಪಿ ಅಕ್ಕನ ಕಾಲು ಹಿಡಿಯಲು ಬಗ್ಗಿದಳು.

"ಏಳು. ಕಾಲು ಬಿಡು, ಕಿವೀದು ತೆಗಿ."

"ಅಕ್ಕ, ಅದೊಂದಾದ್ರೂ ಇರಲಿ. ತೂತು ಮುಚ್ಚಿಹೋಗತ್ತೆ."

"ಮುಚ್ಚಲಿ. ನಿಯಮ ಮಾಡಿದೋರಲ್ಲಿ ಯಾವನಿಗೋ ಬುದ್ಧಿ ಇತ್ತು. ಆ ಡಬ್ಬಿ ತಿನ್ನೋದು ಹಲ್ಲಿಲ್ಲದ ಬಾಯಿ. ನಿನಗೋಸ್ಕರ ನಾನು ಇಷ್ಟು ಹೊತ್ತು ಮಾತಾಡಿದ್ದು ಅಂದ್ಕೊಂಡ್ಯಾ?"

ಹುಡುಗಿ ಕೆಂಪಾದಳು. ಓಲೆ ಬಿಚ್ಚಿ ಪಕ್ಕಕ್ಕಿಟ್ಟಳು. ಆಮೇಲೆ ನಲ್ಲಿ ತಿರುಗಿಸಿ, ಯಾರೂ ಹೇಳದೆಯೇ, ಮೊಣಕೈ ತನಕ ಸೋಪು ಹಚ್ಚಿ ಕೈ ತೊಳೆಯತೊಡಗಿದಳು.