ಸತ್ತ ಕುರಿಯ ಉಚ್ಚೆಯಲ್ಲಿ ಸಕ್ಕರೆ

ಮಚ್ಚು ನನ್ನ ಕುತ್ತಿಗೆಗೆ ತಾಗಿ ನಿಂತಿತ್ತು!

"ಪಕ್ಕಕ್ಕೋಗಣ್ಣೋ... ಇಲ್ಲಾಂದ್ರೆ ನಿನ್ನೂ ಕಡಿದ್ಬುಡ್ತೀನಿ!"

ಭೀಮೇಶ ಮಚ್ಚನ್ನು ಇನ್ನಷ್ಟು ಒತ್ತಿದ. ಸೆಟ್ಟೂರಿನ ಅವನ ಹಟ್ಟಿಯಲ್ಲಿ ಬೆಳಗಿನಿಂದ ಮೂವತ್ತೊಂದು ಕುರಿ ಸತ್ತಿದ್ದವು. ನನ್ನ ಬೆನ್ನ ಹಿಂದೆ, ಬೇವಿನ ಮರಕ್ಕೆ ಕಟ್ಟಿಹಾಕಿದ್ದ ಪಕ್ಕದ ಹಟ್ಟಿಯ ಆದೆಪ್ಪ... ಮೂಗು ಒಡೆದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ತೊಟ್ಟಿಯ ನೀರಿಗೆ ವಿಷ ಬೆರೆಸಿದವನು ಅವನೇ ಎಂದು ಊರೇ ನಂಬಿತ್ತು.

ನಾನು ರಾಮಾಂಜಿನೇಯ. ಇನ್ಶೂರೆನ್ಸ್ ಕಂಪನಿಯ ಪರವಾಗಿ ಕುರಿಗಳ ಸಾವಿನ ತನಿಖೆ ಮಾಡುವವನು.

"ಐದು ನಿಮ್ಸ ಕೊಡು ಕಣಪ್ಪ. ಆಮ್ಯಾಕೆ ಇಬ್ರನ್ನೂ ಕಡಿ."

"ಯಾಕೆ ಟೈಮ್ ವೇಸ್ಟು? ಕೊಂದಾಕು! ಸಂಪೇಯ್‌ರಾ!"

ಗುಂಪಿನಿಂದ ಕೂಗಿದವನು ಸುರೇಂದ್ರ. ಹಿಂದೂಪುರದಿಂದ ಬಂದು ಕುರಿಗಳಿಗೆ ಲಸಿಕೆ ಚುಚ್ಚುವವನು.

ಒಂದು ಕುರಿಯ ಹೊಟ್ಟೆ ಸೀಳಿದೆ. ಒಳಗೆಲ್ಲ ಮೆಕ್ಕೆಜೋಳ! ಕೀಟನಾಶಕದ ವಾಸನೆಯೇ ಇಲ್ಲ. ಮೂತ್ರಕೋಶ ಚುಚ್ಚಿ, ಶುಗರ್ ನೋಡುವ ಪಟ್ಟಿ ಅದ್ದಿದೆ. ನೀಲಿಯಿದ್ದದ್ದು ಹಸಿರಾಯಿತು... ಆಮೇಲೆ ಕಂದು!

"ಸಕ್ಕರೆ! ಚಿಟುಕು ರೋಗ, ಕರುಳುಬೇನೆ ಕಣ್ಲಾ ಇದು. ನಿನ್ನೆ ಕಾಳು ಮುಕ್ಕಿದ್ವಾ?"

"ಹೂಂ... ಕುಯ್ದ ಹೊಲಕ್ಕೆ ಬಿಟ್ಟಿದ್ದೆ."

"ಅಷ್ಟು ಕಾಳು ಬಿದ್ರೆ ಕರುಳಲ್ಲಿರೋ ಬ್ಯಾಕ್ಟೀರಿಯಾ ವಿಷ ಕಕ್ತವೆ. ಆ ವಿಷಕ್ಕೆ ಲಿವರ್ರು ಕೂಡಿಟ್ಟ ಸಕ್ಕರೇನೆಲ್ಲ ರಕ್ತಕ್ಕೆ ಸುರಿದ್ಬುಡ್ತದೆ. ಅದೇ ಉಚ್ಚೇಲಿ ಬಂದೈತೆ. ಆದೆಪ್ಪ ಏನೂ ಮಾಡಿಲ್ಲ!"

ಮಚ್ಚು ಕೆಳಗಿಳಿಯಿತು.

"ಅದಕ್ಕೇಂತ ಲಸಿಕೆ ಹಾಕ್ಸಿದ್ನಲ್ಲಣ್ಣಾ! ಹೋದ ತಿಂಗ್ಳು ಈ ಸುರೇಂದ್ರನೇ..."

ಬೈಕ್ ಸ್ಟಾರ್ಟ್ ಆದ ಸದ್ದು!

ಜೀಪಿಗೆ ಹಾರಿದೆ. ಕಲ್ಯಾಣದುರ್ಗದ ರಸ್ತೆ. ಎರಡು ಮೈಲಿಯಲ್ಲಿ ಅವನ ಪಕ್ಕಕ್ಕೆ ಬಂದೆ. ಸ್ಟೀರಿಂಗ್ ತಿರುಗಿಸಿದೆ. ಬೈಕ್ ಜಾಲಿ ಪೊದೆಗೆ ನುಗ್ಗಿತು!

ಎದ್ದವನೇ ಕಲ್ಲು ಬೀಸಿದ. ನನ್ನ ಹಲ್ಲೊಂದು ಹೋಯಿತು. ನಾನು ಅವನ ಮೊಣಕಾಲಿಗೆ ಒದ್ದೆ.

ಲಟಕ್!

ಬೈಕಿಗೆ ಕಟ್ಟಿದ್ದ ಅವನ ಡಬ್ಬಿಯ ತುಂಬ ಲಸಿಕೆಯ ಬಾಟಲಿ. ಲೇಬಲ್ಲಿನ ಗೋಂದು ಇನ್ನೂ ಹಸಿ. ಅವನ ಬೆರಳುಗಳ ಮೇಲೆ ಬೂಟು ಒತ್ತಿದೆ.

"ವದ್ದನ್ನಾ, ಬೇಡಣ್ಣಾ! ಬರೀ ನೀರು... ಉಪ್ಪು ಹಾಕಿದ ನೀರು! ಆದೆಪ್ಪನ ಹೆಸರು ಹೇಳಿದ್ದೂ ನಾನೇ!"

ಅವನನ್ನು ಕಟ್ಟಿ, ಡಬ್ಬಿಯ ಸಮೇತ ಜೀಪಿಗೆಸೆದು ಹಟ್ಟಿಗೆ ತಂದೆ. ಭೀಮೇಶ ಅಳುತ್ತಾ ಆದೆಪ್ಪನ ಮುಖದ ರಕ್ತ ತೊಳೆಯುತ್ತಿದ್ದ. ಆದೆಪ್ಪ ಅವನ ಕಡೆ ನೋಡಲಿಲ್ಲ. ಆದೆಪ್ಪ, ಭೀಮೇಶ ಇಬ್ಬರನ್ನೂ ಹತ್ತಿಸಿಕೊಂಡು ಆಸ್ಪತ್ರೆಯ ಕಡೆ ಹೊರಟೆ.

ಹಿಂದಿನಿಂದ ಸುರೇಂದ್ರ ನರಳಿದ. "ಅಣ್ಣಾ... ಬಾಯಾರಿಕೆ..."

ಜೀಪು ನಿಲ್ಲಿಸಿ, ಅವನದೇ ಬಾಟಲಿಯೊಂದರ ಮುಚ್ಚಳ ಕಿತ್ತು ಬಾಯಿಗಿಟ್ಟೆ.

"ಕುಡಿಯಪ್ಪ. ಡೇಟು ಇನ್ನೂ ಮುಗ್ದಿಲ್ಲ."