ಎತ್ತು ಮುಟ್ಟದ ಹುಡುಗಿ

"ಅಯ್ಯೋ, ಹತ್ತಿರ ತರಬೇಡಿ! ದೂರ... ದೂರ ಹಿಡ್ಕೊಳ್ಳಿ!"

ಯಲಿಯೂರಿನ ಚೈತನ್ಯಾ ಕಿರುಚಿದ್ದಕ್ಕೆ ಕೆರಗೋಡಿನ ಆ ಅಂಗಳವೇ ಗಪ್‌ಚಿಪ್ಪಾಯಿತು. ಗಂಡಿನ ಮನೆ ನೋಡಲು ಬಂದ ಹುಡುಗಿ ಹೀಗಾ ಮಾಡುವುದು!

ಗಂಡು ಶಶಿಧರನ ಕೈಯಲ್ಲಿ ಹಗ್ಗ. ಬೆನ್ನ ಹಿಂದೆ ಅವನ ಜೀವವೇ ಆಗಿದ್ದ ಜೋಡಿ ಹಳ್ಳಿಕಾರ್ ಎತ್ತುಗಳು, ಕೊಂಬಿಗೆ ಅವಳಿಗಾಗಿಯೇ ಕಟ್ಟಿದ ಸೇವಂತಿಗೆ. ಅವನ ನಗು ಅಲ್ಲೇ ಬಾಡಿತು. ಅವಳು ಹೊಸಿಲನ್ನೂ ತುಳಿಯದೆ ಓಡಿಹೋಗಿ ಕಾರಿನಲ್ಲಿ ಕೂತಳು.

"ಸಗಣಿ ವಾಸ್ನೆ ಆಗಕಿಲ್ಲ ಅಂದ್ರೆ ಮೊದ್ಲೇ ಏಳ್ಬೋದಿತ್ತು ಕಣಮ್ಮ," ಅವನ ತಾಯಿ ಅಂಕಮ್ಮ ಮುಖಕ್ಕೆ ಹೊಡೆದಂತೆ ಅಂದರು.

ಹೇಳಬೇಕಿತ್ತು... ನಿಜ! ಆದರೆ ಅಪ್ಪ ಆಣೆ ಹಾಕಿಸಿದ್ದರು. "ರೋಗದ ಲ್ಯಾಬು ಅಂದ್ರೆ ಯಾರವ್ವ ಒಪ್ತಾರೆ? ಸರ್ಕಾರಿ ಆಫೀಸು ಅನ್ನು, ಸಾಕು."

ಅವಳ ಕೆಲಸ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ, ಕಾಲುಬಾಯಿ ಜ್ವರದ ವೈರಸ್ ನಡುವೆ. ಬಟ್ಟೆ, ಓಲೆ ಎಲ್ಲ ಕಳಚಿಟ್ಟು ಒಳಗೆ ಹೋಗಬೇಕು, ತಲೆಗೆ ಸ್ನಾನ ಮಾಡಿಯೇ ಹೊರಬರಬೇಕು. ಆಮೇಲೂ, ಮೈಗಂಟಿ ಬಂದ ವೈರಸ್ ದನಕರುಗಳಿಗೆ ತಗುಲೀತೆಂದು, ಒಂದು ವಾರ ಅವುಗಳ ಹತ್ತಿರ ಸುಳಿಯುವಂತಿಲ್ಲ. ರಜೆಯಲ್ಲಿದ್ದವಳನ್ನು ಕೆರಗೋಡಿಗೆ ಬರುವ ಹಿಂದಿನ ದಿನವಷ್ಟೇ ತುರ್ತಾಗಿ ಲ್ಯಾಬಿಗೆ ಕರೆಸಿಕೊಂಡಿದ್ದರು.

ಸಂಬಂಧ ಮುರಿಯಿತು. ಕಣ್ಣು ಮುಚ್ಚಿದರೆ ಅವಳಿಗೆ ಅದೇ ಕನಸು... ಹೂಬಿಟ್ಟ ಕಬ್ಬಿನ ನಡುವೆ ಸೇವಂತಿಗೆ ಹಿಡಿದು ನಗುತ್ತಾ ಬರುವ ಅವನು. ಛೀ, ಎಂಥ ಹೇಡಿ ನಾನು!

ಮತ್ತೆ ಲ್ಯಾಬಿಗೆ ಕಾಲಿಡದೆ ವಾರ ಕಳೆದದ್ದೇ ತಡ, ಮಂಡ್ಯದಿಂದ ಕೆರಗೋಡಿನ ಮೊದಲ ಬಸ್ಸು ಹತ್ತಿದಳು. ಊರು ತಲುಪಿದಾಗ ನಾಲೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಆ ಮಂಜಿನೊಳಗೆ ಶಶಿಧರ ಎತ್ತುಗಳ ಮೈ ತೊಳೆಯುತ್ತಿದ್ದ.

"ಎತ್ತವೆ. ದೂರ ನಿಂತ್ಕಳಿ," ಎಂದ ಬಿಗಿಯಾಗಿ.

ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. "ಆವತ್ತು ನನ್ನಿಂದ ಇವಕ್ಕೆ ಏನಾದ್ರೂ ಆಗಿದ್ರೆ... ನೀವು ಇಷ್ಟ ಆಗಿದ್ರಿ, ಅದಕ್ಕೇ ಓಡ್ಹೋದೆ!"

ಅವನು ಎತ್ತಿನ ಮೈ ಉಜ್ಜುವುದನ್ನು ಬಿಟ್ಟು ಅವಳತ್ತ ತಿರುಗಿದ. ಆಮೇಲೆ ಮೆಲ್ಲಗೆ ಕೇಳಿದ, "ಇವತ್ತು ಮುಟ್ಬೋದಾ?"

"ಮುಟ್ಬೋದು."

ಎತ್ತಿನ ಒದ್ದೆ ಹಣೆಯ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು. ಅವಳಿಗೆ ಅಳುವೇ ಬಂತು.

"ಆದ್ರೆ ನಾನು ಕೆಲ್ಸ ಬಿಡಲ್ಲ. ಎತ್ತಿರೋ ಮನೇಲಿ ಇರೋಕೂ ಆಗಲ್ಲ..."

"ಬುಡಿ ಅಂದೋರ್ಯಾರು? ಮಂಡ್ಯ ರೈಲ್ವೇ ಸ್ಟೇಸನ್ ತಾವ ಮನೆ ಮಾಡಾನ, ನೀವು ಬೆಂಗ್ಳೂರ್ಗೆ ಓಗ್ಬನ್ನಿ. ಎತ್ತು ಇಲ್ಲೇ ಇರ್ಲಿ. ನಿಮ್ತಾವಿಂದ ಇವುಗಳ್ತಾವ್ ಬರೋವಾಗ ನಾನೂ ತಲೆಗ್ ನೀರ್ ಉಯ್ಕೊಂಡೇ ಬತ್ತೀನಿ."

"ದಿನಾ ಬೆಳಿಗ್ಗೆನಾ? ಈ ಚಳೀಲಿ!"

"ನೀರ್ ಕಾಯ್ಸಿಕೊಡೋರು ಒಬ್ರು ಬೇಕಲ್ಲ ಮತ್ತೆ!"

ಕಣ್ಣೊರೆಸಿಕೊಳ್ಳುತ್ತಾ ಚೈತನ್ಯಾ ನಕ್ಕಳು. "ಕಾಯಿಸ್ತೀನಿ."